ನೊಣ ಕೂತ ಜಾಗ

ಚೆನ್ನಕೇಶವ ಒಬ್ಬನೇ ಚಿತ್ರಗಳ ಧೂಳು ಒರೆಸುತ್ತಿದ್ದ. ಹಳೆಯ ಬನಿಯನ್ನಿನ ತುಂಡನ್ನು ಮಡಿಸಿಕೊಂಡು ಮೊದಲು ಚೌಕಟ್ಟಿನ ಮೇಲಂಚು, ಆಮೇಲೆ ಪಕ್ಕ, ಕೊನೆಗೆ ಕೆಳಗಂಚು. ಬಾಗಲೂರು ಶಾಲೆಯ ದೊಡ್ಡ ಕೊಠಡಿಯಲ್ಲಿ ಇಪ್ಪತ್ಮೂರು ಚಿತ್ರ ತೂಗುತ್ತಿದ್ದವು. ಇಪ್ಪತ್ತೆರಡು ಒರೆಸಿ ಆಗಿತ್ತು. ಇಪ್ಪತ್ಮೂರನೆಯದರ ಮುಂದೆ ಅವನ ಕೈ ನಿಂತಿತು.

ಅದು ರಾಮಕೃಷ್ಣಪ್ಪನ ಜೋಡಿ ಎತ್ತುಗಳ ಚಿತ್ರ. ಹದಿನೈದು ದಿನದ ಹಿಂದೆ ಬರೆದದ್ದು, ಎಣ್ಣೆಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಬಲದೆತ್ತಿನ ಬೆನ್ನ ಮೇಲೆ, ಹಿಣಿಲ ಡುಬ್ಬ ಇಳಿದ ಕೂಡಲೇ ಬರುವ ಜಾಗದಲ್ಲಿ ಒಂದು ನೊಣ ಕೂತು, ಅಂಟಿಕೊಂಡು, ಒದ್ದಾಡಿ ಸತ್ತಿತ್ತು. ಅದನ್ನು ಸೂಜಿಯಿಂದ ಎತ್ತಿ ಕಿಟಕಿಯಾಚೆ ಹಾಕಿದ. ನೊಣ ಹೋಯಿತು, ಅದು ಒದ್ದಾಡಿದ ಜಾಗ ಮಾತ್ರ ಸಿಡುಬಿನ ಕಲೆಯ ಹಾಗೆ ಉಳಿಯಿತು. ಸಣ್ಣ ಬ್ರಶ್ಶಿಗೆ ಸ್ವಲ್ಪ ಬೂದುಬಣ್ಣ ಮುಟ್ಟಿಸಿ ಅಲ್ಲಿಟ್ಟು ಒಂದು ಸುತ್ತು ತಿರುಗಿಸಿದ. ಕಲೆ ಮುಚ್ಚಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಬ್ರಶ್ಶನ್ನು ಒರೆಸಿಟ್ಟ.

ಹನ್ನೊಂದು ವರ್ಷದಲ್ಲಿ ಅವನು ಕಣ್ಣಾರೆ ನೋಡದೆ ಬರೆದದ್ದು ಇದೊಂದೇ ಸುತ್ತು.

ಹನ್ನೊಂದು ವರ್ಷದಿಂದ ಅವನು ಊರೂರು ತಿರುಗುತ್ತಿದ್ದ. ಬಸ್ಸಿನ ಮೇಲೆ ಟ್ರಂಕು, ಟ್ರಂಕಿನಲ್ಲಿ ಚಿತ್ರಗಳು. ಎಲ್ಲಿ ಖಾಲಿ ಗೋಡೆ ಕೊಟ್ಟರೆ ಅಲ್ಲಿ ಪ್ರದರ್ಶನ. ಹೆಂಡತಿ ಮಂಗಮ್ಮ ಮೊದಮೊದಲು ಜೊತೆಗೆ ತಿರುಗಿದಳು. ಹೋದ ವರ್ಷ ತವರಿಗೆ ಹೋಗಿ ಕೂತುಬಿಟ್ಟಳು. "ಒಂದೂರಲ್ಲಿ ನಿಲ್ಲು, ಬತ್ತೀನಿ. ಬಸ್ಸಿನ ಮ್ಯಾಲೆ ಸಂಸಾರ ಮಾಡಕ್ಕೆ ನಾನೇನು ಟ್ರಂಕಾ?" ಅಂದಿದ್ದಳು.

ಈಗ ಒಂದೂರಲ್ಲಿ ನಿಲ್ಲುವ ಕಾಲ ಬಂದಿತ್ತು. ಮೂಕಂಡಪಲ್ಲಿ ಕಡೆ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದವು, ಅಲ್ಲಿನ ಹೊಸ ಶಾಲೆಗೆ ಡ್ರಾಯಿಂಗ್ ಮೇಷ್ಟ್ರು ಬೇಕಾಗಿತ್ತು. ಬಾಗಲೂರಿನ ಹೆಡ್ ಮೇಷ್ಟ್ರು ಗೋಪಾಲಪ್ಪ ಚೆನ್ನಕೇಶವನ ಪರವಾಗಿ ಮಾತಾಡಿದ್ದರು. ಕೃಷ್ಣಗಿರಿಯಿಂದ ಬರುವ ಸ್ಕೂಲ್ ಇನ್‌ಸ್ಪೆಕ್ಟರ್ ಚಿನ್ನಸ್ವಾಮಿ ಸಾಹೇಬರು ಒಪ್ಪಬೇಕು, ಅಷ್ಟೇ. ಸಾಹೇಬರು ಎರಡೇ ಮಾತು ಹೇಳಿ ಕಳಿಸಿದ್ದರು. ಒಂದು, ಚಿತ್ರ ನಿಜವಾಗಿರಬೇಕು, ಸೌತೆಕಾಯಿ ಬರೆದರೆ ಸೌತೆಕಾಯಿಯ ಹಾಗೇ ಇರಬೇಕು. ಇನ್ನೊಂದು, ಜನ ಏನಂತಾರೆ ಅಂತ ತಿಳಿಯಲು ಒಂದು ಅಭಿಪ್ರಾಯದ ಪುಸ್ತಕ ಇಡಬೇಕು. "ಶನಿವಾರ ನಾಲ್ಕು ಗಂಟೆಗೆ ಬಂದು ಓದುತ್ತೇನೆ."

ಈ ದಿನವೇ ಶನಿವಾರ. ಬಾಗಿಲ ಮೇಲೆ ಚೆನ್ನಕೇಶವ ಕೆಂಪಕ್ಷರದಲ್ಲಿ ಬರೆದ ಬೋರ್ಡಿತ್ತು: 'ಇದ್ದದ್ದು ಇದ್ದ ಹಾಗೆ.'

ಹತ್ತು ಗಂಟೆಗೆ ಜನ ಬಂದರು. ಎಲ್ಲರಿಗಿಂತ ಮುಂದೆ ಪಿಳ್ಳಮ್ಮ. ಅವಳ ಹೊಲ ಕಾಡಿನ ಅಂಚಿಗೆ ಇತ್ತು, ಬಾಯಿ ಊರಿನ ಮಧ್ಯಕ್ಕಿತ್ತು. ಸಾನಮಾವು ಕಾಡಿನ ಚಿತ್ರದ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಆನೆ ಎಲ್ಲದೆ?"

"ಆನೆ ಬರ್ದಿಲ್ಲಮ್ಮ. ಕಾಡು ಮಾತ್ರ."

"ಸಾನಮಾವು ಕಾಡು ಅಂತೀಯ, ಆನೆ ಇಲ್ಲ ಅಂತೀಯ. ಹಂಗಾದ್ರೆ ನಮ್ಮ ರಾಗಿ ತಿಂದಿದ್ದು ಯಾರು, ನಿಮ್ಮಪ್ಪನಾ?"

"ಒಳಗಡೆ ಇರ್ತವಮ್ಮ. ಮರದ ಹಿಂದೆ."

"ಹಂಗನ್ನು," ಎಂದು ಅವಳು ಮರಗಳ ಸಂದಿನಲ್ಲಿ ಬಹಳ ಹೊತ್ತು ಹುಡುಕಿದಳು.

ಫ್ಯಾಕ್ಟರಿಯಿಂದ ರಾತ್ರಿ ಪಾಳಿ ಮುಗಿಸಿ ಬಂದವನೊಬ್ಬ ಫ್ಯಾಕ್ಟರಿ ಗೇಟಿನ ಚಿತ್ರದಲ್ಲಿ ತನ್ನ ಮುಖ ಹುಡುಕಿ, ಸಿಗದೆ, "ಆವತ್ತು ನಾನು ಸೆಕೆಂಡ್ ಶಿಫ್ಟು," ಎಂದು ತಾನೇ ಸಮಾಧಾನ ಮಾಡಿಕೊಂಡು ಹೋದ. ಹನ್ನೊಂದು ಗಂಟೆಯಾದರೂ ಪುಸ್ತಕದಲ್ಲಿ ಬಿದ್ದದ್ದು ಎರಡೇ ಬರಹ. ಒಬ್ಬರು 'ಚೆನ್ನಾಗಿದೆ' ಎಂದು ಬರೆದು, ಯಾಕೋ ಅದನ್ನು ಹೊಡೆದುಹಾಕಿದ್ದರು. ಇನ್ನೊಬ್ಬರು ಒಂದು ಮೇಕೆ ಬರೆದಿದ್ದರು. ಗೋಪಾಲಪ್ಪ ಗಡಿಯಾರ ನೋಡಿ, ಪುಸ್ತಕ ನೋಡಿ, ಮತ್ತೆ ಗಡಿಯಾರ ನೋಡಿದರು. ಅವರ ಮುಖ ಹುಳಿ ಕಡಿಮೆಯಾದ ಸಾರಿನ ಹಾಗಿತ್ತು.

ಹನ್ನೊಂದೂವರೆಗೆ ರಾಮಕೃಷ್ಣಪ್ಪ ಬಂದ. ಜೊತೆಯಲ್ಲಿ ಸರ್ಜಾಪುರದ ಕಡೆಯ ಲಕ್ಷ್ಮಣಪ್ಪ. ಎತ್ತುಗಳನ್ನು ಕೊಳ್ಳಲು ಬಂದವನು. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು ಮುಗಿದಿತ್ತು. ವೀಳ್ಯ ಕೊಟ್ಟು ತಗೊಳ್ಳುವುದೊಂದು ಬಾಕಿ. ಆದರೆ ರಾಮಕೃಷ್ಣಪ್ಪನಿಗೆ ಜಂಬ ಒಳಗೆ ನಿಲ್ಲಲಿಲ್ಲ. "ವೀಳ್ಯ ಎಲ್ಲೋಯ್ತದೆ? ಬಾ ಭಾವ, ಮೊದ್ಲು ಪಟ ನೋಡು. ಈ ಸೀಮೇಲಿ ಯಾರ ಎತ್ತಿಗಾದ್ರೂ ಪಟ ಬರ್ದವ್ರಾ?"

ಲಕ್ಷ್ಮಣಪ್ಪ ತೆಳ್ಳಗೆ ಉದ್ದಕ್ಕೆ ಇದ್ದ. ಚಿತ್ರದ ಮುಂದೆ ಕೊಕ್ಕರೆ ಮೀನಿನ ಮೇಲೆ ಬಗ್ಗುವ ಹಾಗೆ ಬಗ್ಗಿದ. ಕೊಂಬು ನೋಡಿದ, ಗೊರಸು ನೋಡಿದ, ತಲೆಯಾಡಿಸಿದ. ಬಲದೆತ್ತಿನ ಬೆನ್ನ ಹತ್ತಿರ ಬಂದಾಗ ಅವನ ತಲೆ ನಿಂತಿತು. ಚೆನ್ನಕೇಶವನ ಕಡೆ ತಿರುಗಿದ.

"ಈ ಎತ್ತು ಬರ್ದೋರು ನೀವೇನಾ?"

"ನಾನೇ ಸ್ವಾಮಿ."

"ನೋಡಿ ಬರದ್ರಾ, ಮನಸ್ಸಿಗೆ ಬಂದಂಗೆ ಬರದ್ರಾ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಚೆನ್ನಕೇಶವ ಅರಳಿಹೋದ. ಬೋರ್ಡಿನ ಕಡೆ ಕೈ ತೋರಿಸಿದ. "ನಾಕು ದಿನ ಅವರ ಹುಣಸೇಮರದ ಕೆಳಗೆ ಕೂತು ನೋಡಿ ಬರೆದಿದ್ದು ಸ್ವಾಮಿ. ಒಂದು ರೋಮ ಹೆಚ್ಚಿಲ್ಲ, ಒಂದು ರೋಮ ಕಮ್ಮಿ ಇಲ್ಲ."

"ಅಷ್ಟು ಸಾಕು," ಎಂದ ಲಕ್ಷ್ಮಣಪ್ಪ, ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. "ರಾಮಕೃಷ್ಣಪ್ಪ, ವೀಳ್ಯ ಬ್ಯಾಡ. ನಂಗೆ ಮೂರು ಜನ ಹೆಣ್ಮಕ್ಳು ಅವ್ರೆ. ನಾನಿನ್ನೂ ಬದುಕಿರ್ಬೇಕು."

"ಏನಾಯ್ತು ಭಾವ?"

"ಪಾಡೆ ಸುಳಿ."

ಕೊಠಡಿಯಲ್ಲಿದ್ದವರೆಲ್ಲ ಚಿತ್ರದಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು. ಪಿಳ್ಳಮ್ಮ ಕೂಡ. ಎತ್ತಿನ ಮೈಮೇಲೆ ರೋಮ ಸುತ್ತಿಕೊಂಡ ಜಾಗವೇ ಸುಳಿ. ಅದು ಹಣೆಯಲ್ಲಿದ್ದರೆ ಒಂದು ಫಲ, ಹೆಗಲಲ್ಲಿದ್ದರೆ ಇನ್ನೊಂದು. ಹಿಣಿಲ ಹಿಂದೆ, ಬೆನ್ನುಮೂಳೆಯ ಮೇಲೆ ಇದ್ದರೆ ಮಾತ್ರ ಅದು ಪಾಡೆ ಸುಳಿ. ಪಾಡೆ ಎಂದರೆ ಹೆಣ ಹೊರುವ ಚಟ್ಟ. ಆ ಎತ್ತು ಕಟ್ಟಿದ ಮನೆಯ ಯಜಮಾನ ವರ್ಷ ತುಂಬುವವರೆಗೆ ಉಳಿಯುವುದಿಲ್ಲ ಎಂದು ಆ ಗಡಿಸೀಮೆಯ ತಮಿಳರು, ತೆಲುಗರು, ಕನ್ನಡದವರು ಮೂವರೂ ಜಗಳವಿಲ್ಲದೆ ಒಪ್ಪುತ್ತಿದ್ದರು.

ಚೆನ್ನಕೇಶವ ಚಿತ್ರದ ಕಡೆ ನೋಡಿದ. ಬೆಳಗ್ಗೆ ತಾನು ತಿರುಗಿಸಿದ ಆ ಒಂದು ಸುತ್ತು, ಕಿಟಕಿಯ ಬೆಳಕಿಗೆ, ಒಂದೊಂದು ರೋಮ ಎಣಿಸುವ ಹಾಗೆ ಚೆಂದವಾಗಿ ಸುತ್ತಿಕೊಂಡು ಕೂತಿತ್ತು.

ರಾಮಕೃಷ್ಣಪ್ಪ ಅವನ ಅಂಗಿಯ ಕೊರಳು ಹಿಡಿದ. "ಏನ್ಲಾ ಇಟ್ಟಿದ್ದೀಯ ನನ್ನೆತ್ತಿನ ಮ್ಯಾಲೆ? ನಾಕು ದಿನ ನನ್ನ ಮನೇಲಿ ಮುದ್ದೆ ತಿಂದ್ಯಲ್ಲಾ! ಮುದ್ದೆ ತಿಂದು ಸುಳಿ ಇಕ್ಬುಟ್ಯಾ?"

"ಅಣ್ಣ, ಬುಡು, ಸಾರನ್ನೂ ತಿಂದವ್ನೆ," ಎಂದಳು ಪಿಳ್ಳಮ್ಮ.

ರಾಮಕೃಷ್ಣಪ್ಪನ ತಮ್ಮ ಬಾರುಕೋಲು ಹಿಡಿದು ಬಾಗಿಲಿಗೆ ಅಡ್ಡ ನಿಂತ. ಬೇರೆ ಬಾಗಿಲಿರಲಿಲ್ಲ. ಗೋಪಾಲಪ್ಪ ಚೆನ್ನಕೇಶವನ ಕಿವಿಯ ಹತ್ತಿರ ಬಂದರು. "ಏನಾದ್ರೂ ಹೇಳ್ರಿ. ಆದ್ರೆ ತಪ್ಪು ಬರೆದೆ ಅಂತ ಮಾತ್ರ ಬಾಯಿ ಬಿಡಬೇಡ್ರಿ. ಸಾಹೇಬ್ರಿಗೆ ಗೊತ್ತಾದ್ರೆ ಕೆಲಸ ಹೋಯ್ತು."

ಬಾರುಕೋಲು ಬಾಗಿಲಿನ ಚೌಕಟ್ಟನ್ನು ಟಪ್ ಟಪ್ ಎಂದು ತಟ್ಟುತ್ತಿತ್ತು. ನಿಜ ಹೇಳಿದರೆ ಮೂಕಂಡಪಲ್ಲಿಯ ಕೆಲಸ ಹೋಗುತ್ತದೆ, ಮಂಗಮ್ಮ ತವರಲ್ಲೇ ಉಳಿಯುತ್ತಾಳೆ. ಹೇಳದಿದ್ದರೆ, ಕೆಲಸ ಮಾಡಲು ಬೇಕಾದ ಬಲಗೈ ಉಳಿಯುವುದಿಲ್ಲ. ಗಡಿಯಾರದಲ್ಲಿ ಹನ್ನೆರಡಾಯಿತು. ಚೆನ್ನಕೇಶವ ಬಲಗೈಯನ್ನು ಆರಿಸಿಕೊಂಡ.

"ಅದು ಸುಳಿ ಅಲ್ಲ ಸ್ವಾಮಿ," ಎಂದ. "ನೊಣ."

"ನೊಣಾನಾ?"

"ಬಣ್ಣಕ್ಕೆ ನೊಣ ಅಂಟಿತ್ತು. ತೆಗೆದೆ. ಆ ಕಲೆ ಮುಚ್ಚೋಕೆ ಬ್ರಶ್ಶು ತಿರುಗಿಸಿದೆ. ಎತ್ತಿನ ಬೆನ್ನು ನುಣ್ಣಗಿದೆ. ನಾನೇ ನೋಡಿದ್ದೀನಿ."

"ಆ ನೊಣ ಎಲ್ಲಿ?"

"ಕಿಟಕಿಯಿಂದ ಆಚೆ ಹಾಕ್ದೆ."

ಹತ್ತಿಪ್ಪತ್ತು ಜನ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ನೊಣ ಹುಡುಕಿದರು. ಪಂಚಾಯ್ತಿಯಲ್ಲಿ ಸಾಕ್ಷಿ ಹುಡುಕುವಾಗಲೂ ಆ ಊರು ಅಷ್ಟು ಶ್ರದ್ಧೆ ತೋರಿಸಿರಲಿಲ್ಲ. "ಇಲ್ಲೊಂದದೆ," ಎಂದಳು ಪಿಳ್ಳಮ್ಮ. "ಇಲ್ಲೆರಡು. ಎಷ್ಟು ಬೇಕು ನಿಂಗೆ?"

"ಬಣ್ಣ ಅಂಟಿರೋದು ಬೇಕಮ್ಮ."

"ನೊಣಕ್ಕೆ ಬಣ್ಣ ಅಂಟಿದ್ರೆ ಇರುವೆ ಬುಡ್ತದಾ? ಹಬ್ಬ ಅಂತ ಹೊತ್ಕಂಡು ಹೋಗಿರ್ತದೆ."

ಲಕ್ಷ್ಮಣಪ್ಪ ಗೋಡೆಗೊರಗಿ ನಿಂತಿದ್ದವನು ಈಗ ಮುಂದೆ ಬಂದ. "ಒಂದು ನೊಣದ ಮಾತು ನಂಬಿ ನನ್ನ ತಲೆ ಕೊಡಕ್ಕಾಗಲ್ಲ. ಎತ್ತು ಹಿಡ್ಕಂಡ್ ಬನ್ನಿ. ಇನ್ನೊಂದ್ಸಲಿ ನೋಡಣ."

"ಎತ್ತು ಯಾಕೆ ಭಾವ?" ಎಂದ ರಾಮಕೃಷ್ಣಪ್ಪ. ಅವನ ದನಿ ಒಂದು ಮೆಟ್ಟಿಲು ಕೆಳಗಿಳಿದಿತ್ತು. "ಪಟ ಸುಟ್ಟಾಕಣ, ಮುಗೀತು."

"ಪಟ ಸುಡ್ಬೋದಪ್ಪ. ಎತ್ತನ್ನ?"

"ಎತ್ತು ನೀರಿಗೆ ಹೋಗವೆ."

"ಬರ್ಲಿ, ಕಾಯ್ತೀನಿ."

"ಬಂದ ಮ್ಯಾಲೆ ಮೇವು ತಿನ್ಬೇಕು."

"ನಾನೂ ಉಂಡಿಲ್ಲ. ನಾನು ನಿನ್ನೆತ್ತು ಇಬ್ರೂ ಆಮೇಲೆ ತಿಂತೀವಿ. ಹಿಡ್ಕಂಡ್ ಬಾ."

ಎತ್ತು ಬರುವವರೆಗೆ ಚೆನ್ನಕೇಶವನನ್ನು ಬೆಂಚಿನ ಮೇಲೆ ಕೂರಿಸಿದರು. ಎರಡು ಪಕ್ಕ ಇಬ್ಬರು ಕೂತರು, ಓಡಿಹೋಗದ ಹಾಗೆ. ಎತ್ತಿನ ಬೆನ್ನು ನುಣ್ಣಗಿದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅದು ಊರಿಗೇ ಗೊತ್ತಾಗುತ್ತದೆ. ಆಮೇಲೆ ಬೋರ್ಡು ಸುಳ್ಳು, ಚಿತ್ರ ಸುಳ್ಳು, ಚೆನ್ನಕೇಶವ ಸುಳ್ಳ. ಯಾರೋ ಒಬ್ಬ ಅಭಿಪ್ರಾಯದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಫಲಿತಾಂಶಕ್ಕೆ ಕಾಯುತ್ತಿದ್ದ.

ಎರಡು ಗಂಟೆಗೆ ಎತ್ತು ಶಾಲೆಯ ಅಂಗಳಕ್ಕೆ ಬಂತು. ಜನ ಉಂಗುರದ ಹಾಗೆ ಸುತ್ತ ನಿಂತರು. ಬೆನ್ನು ನುಣ್ಣಗಿತ್ತು. ಬಿಸಿಲಿಗೆ ಹೊಳೆಯುತ್ತಿತ್ತು. "ನೋಡ್ಕಳಪ್ಪ!" ಎಂದು ರಾಮಕೃಷ್ಣಪ್ಪನ ತಮ್ಮ ಬಾರುಕೋಲು ಎತ್ತಿ, ಎತ್ತಿನ ಕಡೆಯಲ್ಲ, ಚೆನ್ನಕೇಶವನ ಕಡೆ ತಿರುಗಿದ.

"ತಾಳಪ್ಪ," ಎಂದ ಲಕ್ಷ್ಮಣಪ್ಪ. ಒಂದು ಚೆಂಬು ನೀರು ತರಿಸಿದ. ಅಂಗೈ ಒದ್ದೆ ಮಾಡಿಕೊಂಡು, ಬಾಲದ ಕಡೆಯಿಂದ ಹಿಣಿಲ ಕಡೆಗೆ, ರೋಮಕ್ಕೆ ಎದುರಾಗಿ, ನಿಧಾನವಾಗಿ ಸವರಿದ. ಕೈ ಹಿಣಿಲ ಹಿಂದೆ ನಿಂತಿತು. ಟವಲಿನ ತುದಿ ಒದ್ದೆ ಮಾಡಿ ಅಲ್ಲೇ ಉಜ್ಜಿದ. ಟವಲಿಗೆ ಕಪ್ಪು ಹತ್ತಿತು. ಎಣ್ಣೆಯಲ್ಲಿ ಕಲಸಿದ ಬೂದಿ. ಅದರ ಕೆಳಗೆ ರೋಮ ಗಿಡ್ಡಗಿತ್ತು.

"ಕತ್ತರಿ ಆಡ್ಸವ್ರೆ," ಎಂದ. ಮತ್ತೆ ನೀರು ಹಾಕಿ ಉಜ್ಜಿದ. ಗಿಡ್ಡ ರೋಮ ಒದ್ದೆಯಾಗಿ, ಬುಡದಿಂದ ಒಂದು ಸುತ್ತು ಸುತ್ತಿಕೊಂಡು ಮಲಗಿತು. ಚಿತ್ರದಲ್ಲಿದ್ದ ಜಾಗದಲ್ಲೇ. ಚಿತ್ರದಲ್ಲಿದ್ದಷ್ಟೇ ಅಗಲ.

ಬಾರುಕೋಲು ತಾನಾಗಿ ಕೆಳಗಿಳಿಯಿತು. ಎಲ್ಲರಿಗಿಂತ ಹೆಚ್ಚು ಬಾಯಿ ತೆರೆದುಕೊಂಡು ನಿಂತವನು ಚೆನ್ನಕೇಶವ.

ಲಕ್ಷ್ಮಣಪ್ಪ ಅವನ ಮುಂದೆ ಬಂದು ಎರಡೂ ಕೈ ಜೋಡಿಸಿದ. "ಬೆಳಗ್ಗೆ ಎರಡು ಸಲಿ ಮೈ ಮುಟ್ಟಿ ನೋಡಿದ್ರೂ ನಂಗೆ ಸಿಗ್ಲಿಲ್ಲ. ನೀವು ಮರದ ಕೆಳಗೆ ಕೂತು ನೋಡ್ಬುಟ್ರಿ. ನನ್ನ ಹೆಣ್ಮಕ್ಕಳ ಪುಣ್ಯ."

"ನಾನು ನೋಡ್ಲಿಲ್ಲ ಸ್ವಾಮಿ. ಆಣೆ ಮಾಡ್ತೀನಿ, ನೊಣ..."

"ನೋಡ್ರಪ್ಪ, ನೊಣದ ಮ್ಯಾಲೆ ಹಾಕ್ತವ್ರೆ! ರಾಮಕೃಷ್ಣಪ್ಪನ ಮಾನ ಉಳ್ಸಕ್ಕೆ. ಹಿಂಗಿರ್ಬೇಕು ದೊಡ್ಡ ಮನುಷ್ಯ ಅಂದ್ರೆ."

ಹನ್ನೊಂದು ವರ್ಷ ನೋಡಿ ನೋಡಿ ಬರೆದದ್ದರ ಮುಂದೆ ಊರು ಆನೆ ಹುಡುಕಿತ್ತು. ನೋಡದೆ ತಿರುಗಿಸಿದ ಒಂದು ಸುತ್ತಿಗೆ ಈಗ ಕೈ ಮುಗಿಯುತ್ತಿತ್ತು.

ಗದ್ದಲದಲ್ಲಿ ರಾಮಕೃಷ್ಣಪ್ಪ ಅವನನ್ನು ಬೇವಿನ ಮರದ ಮರೆಗೆ ಎಳೆದುಕೊಂಡು ಹೋದ. "ದನದ ಕೊಟ್ಗೆ ಬಾಗ್ಲು ಹಾಕ್ಕಂಡು ಕತ್ತರಿ ಆಡ್ಸಿದ್ದು ನಾನು. ನೀನು ಬರೋಕೂ ಮುಂಚೆ. ನನ್ನೆಂಡ್ರಿಗೂ ಗೊತ್ತಿಲ್ಲ. ನಿಂಗೆ ಯಾರ್ಲಾ ಹೇಳಿದ್ದು?"

"ನೊಣ," ಎಂದ ಚೆನ್ನಕೇಶವ.

ರಾಮಕೃಷ್ಣಪ್ಪ ಅವನನ್ನೇ ದಿಟ್ಟಿಸಿ ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ತಪ್ಪಾಯ್ತು ಬುಡಿ ಸ್ವಾಮಿ," ಎಂದು ಬಹುವಚನಕ್ಕೆ ಏರಿ, ಎತ್ತನ್ನೂ ಬಿಟ್ಟು ಮನೆಯ ಕಡೆ ನಡೆದ.

ಮೂರು ಗಂಟೆಯ ಹೊತ್ತಿಗೆ ಬಾಗಲೂರಿನ ದನಗಳೆಲ್ಲ ಶಾಲೆಯ ಅಂಗಳದಲ್ಲಿದ್ದವು. ಹಸು, ಹೋರಿ, ಕರು, ಪಿಳ್ಳಮ್ಮನ ಎಮ್ಮೆ. "ಒಂದ್ಸಲಿ ಕಣ್ಣಾಡ್ಸಿ ಸ್ವಾಮಿ." "ಇದು ಹಾಲು ಕೊಡಲ್ಲ, ಸುಳಿ ದೋಷನಾ ನೋಡಿ." ಚೆನ್ನಕೇಶವ ನನಗೇನೂ ಗೊತ್ತಿಲ್ಲ ಎಂದ. "ಗೊತ್ತಿರೋರು ಹಂಗೇ ಅನ್ನೋದು," ಎಂದರು. ಬಾಯಿ ಮುಚ್ಚಿ ನಿಂತ. ಅವನು ಸುಮ್ಮನೆ ನಿಂತದ್ದನ್ನು ನೋಡಿ ಒಬ್ಬ ತನ್ನ ಹೋರಿಯನ್ನು ತಬ್ಬಿಕೊಂಡು ಅತ್ತ.

ಆದರೂ ಅವನ ಮನಸ್ಸಿನಲ್ಲಿ ಒಂದು ಆಸೆ ಮೊಳೆತಿತ್ತು. ಕೊಠಡಿಯ ಒಳಗೆ ಅಭಿಪ್ರಾಯದ ಪುಸ್ತಕಕ್ಕೆ ಸಾಲು ನಿಂತಿತ್ತು. ಬರೆಯಲು ಬಾರದವರು ಪಕ್ಕದವರಿಂದ ಬರೆಸಿ ಹೆಬ್ಬೆಟ್ಟು ಒತ್ತುತ್ತಿದ್ದರು. ಗೋಪಾಲಪ್ಪ ಓಡಿಬಂದು ಅವನ ಕೈ ಹಿಡಿದುಕೊಂಡರು. "ಹತ್ತು ಪುಟ ತುಂಬಿತು ಕಣ್ರಿ! ಕೆಲಸ ಆದ ಹಾಗೇ. ಮಂಗಮ್ಮನವರಿಗೆ ಕಾಗದ ಹಾಕ್ಬಿಡಿ."

ನಾಲ್ಕು ಗಂಟೆಗೆ ಜೀಪು ಬಂತು. ಅಂಗಳದಲ್ಲಿ ಜಾಗವಿಲ್ಲದೆ ರಸ್ತೆಯಲ್ಲೇ ನಿಂತಿತು. ಚಿನ್ನಸ್ವಾಮಿ ಸಾಹೇಬರು ಸಗಣಿ ದಾಟಿಕೊಂಡು, ಕೊಂಬು ತಪ್ಪಿಸಿಕೊಂಡು ಬಂದರು. "ಗೋಪಾಲಪ್ಪ, ಇದೆನ್ನ, ಏನಿದು? ಸ್ಕೂಲಾ, ಸಂತೆಯಾ?"

ಗೋಪಾಲಪ್ಪ ಉತ್ತರದ ಬದಲು ಪುಸ್ತಕ ಕೊಟ್ಟರು. ಸಾಹೇಬರು ಬೋರ್ಡಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು ಗಟ್ಟಿಯಾಗಿ ಓದತೊಡಗಿದರು. ಚೆನ್ನಕೇಶವ ಕೈ ಕಟ್ಟಿ ನಿಂತ.

"'ಇವರ ಕಣ್ಣು ತಪ್ಪಿಸಿ ಯಾವ ಸುಳಿಯೂ ಇರಲಾರದು. ಬಲದೆತ್ತಿನ ಪಾಡೆ ಸುಳಿ ಹಿಡಿದುಕೊಟ್ಟು ನನ್ನ ಪ್ರಾಣ ಉಳಿಸಿದರು. ಲಕ್ಷ್ಮಣಪ್ಪ.'"

ಸಾಹೇಬರು ಹಾಳೆ ತಿರುಗಿಸಿದರು.

"'ನಮ್ಮ ಕರಿ ಹಸುವನ್ನು ನೋಡಿ ಇವರು ಏನೂ ಹೇಳಲಿಲ್ಲ. ನಮಗೆ ಅರ್ಥವಾಯಿತು. ಮಾರುತ್ತೇವೆ.'

"'ಸಾನಮಾವಿನ ಆನೆ ಎಲ್ಲಿದೆ ಎಂದೂ ಇವರಿಗೆ ಗೊತ್ತು. ಹೇಳುವುದಿಲ್ಲ. ಪಿಳ್ಳಮ್ಮನ ಹೆಬ್ಬೆಟ್ಟು.'"

ಹತ್ತು ಪುಟದಲ್ಲಿ ಚಿತ್ರ ಎಂಬ ಮಾತು ಒಂದು ಸಲವೂ ಬರಲಿಲ್ಲ. ಸಾಹೇಬರ ಹುಬ್ಬು ಮೇಲೇರಿತು. ಎದ್ದು ನಿಂತರು. ಬೈಯುತ್ತಾರೆ ಎಂದು ಚೆನ್ನಕೇಶವ ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಅವನ ಎರಡೂ ಕೈ ಸಾಹೇಬರ ಕೈಯಲ್ಲಿದ್ದವು.

"ರೊಂಬ ಸಂತೋಷ! ಗೋಪಾಲಪ್ಪ, ಇಂಥವರನ್ನ ನೀವು ಬರೀ ಡ್ರಾಯಿಂಗ್ ಮೇಷ್ಟ್ರು ಅಂತ ಹೇಳಿದ್ರಲ್ಲ! ನಾನೂ ರೈತನ ಮಗ ರೀ. ರಾಯಕೋಟೆಯಲ್ಲಿ ನಮ್ಮ ಮಾವನ ಮನೇಲಿ ಮೂರು ಜೊತೆ ಎತ್ತು ಇವೆ."

"ಸಾರ್, ಆ ಕೆಲಸ..." ಎಂದ ಚೆನ್ನಕೇಶವ.

"ಅದು ಬಿಡಿ. ಮಕ್ಕಳಿಗೆ ಗೆರೆ ಎಳೆಯೋದು ಕಲಿಸೋಕೆ ಯಾರು ಬೇಕಾದ್ರೂ ಸಿಗ್ತಾರೆ. ಸೋಮವಾರನೇ ಬೇರೆಯವರನ್ನ ಹಾಕಿಸ್ತೀನಿ. ನಾನು ನಿಮಗೆ ಅನ್ಯಾಯ ಮಾಡಲ್ಲ." ಪೆನ್ನು ತೆಗೆದು ಹನ್ನೊಂದನೆಯ ಪುಟದಲ್ಲಿ ತಾವೇ ಬರೆದರು, ಬರೆಯುತ್ತಾ ಓದಿದರು: "'ಇವರನ್ನು ಒಂದೇ ಊರಿನಲ್ಲಿ ಕೂರಿಸುವುದು ತಪ್ಪು. ಊರೂರಿಗೂ ಹೋಗಬೇಕಾದವರು.'" ಕೆಳಗೆ ರುಜು ಹಾಕಿ, ಚೀಲದಿಂದ ಮೊಹರು ತೆಗೆದು ಒತ್ತಿದರು. "ಇದನ್ನ ತೋರಿಸಿ. ಯಾವ ಊರಲ್ಲೂ ನಿಮ್ಮನ್ನ ಬಾಗಿಲಲ್ಲಿ ನಿಲ್ಲಿಸೋದಿಲ್ಲ. ಎಲ್ಲಿ, ಆ ಬಲದೆತ್ತು ತೋರಿಸ್ರಪ್ಪ!"

ಸಾಹೇಬರು ಅಂಗಳಕ್ಕಿಳಿದರು. ಜನ ದಾರಿ ಬಿಟ್ಟು, ಮತ್ತೆ ಕೂಡಿಕೊಂಡು, ಅವರ ಹಿಂದೆಯೇ ಎತ್ತಿನ ಬೆನ್ನ ಮೇಲೆ ಬಗ್ಗಿದರು. ಗೋಪಾಲಪ್ಪ ನೀರಿನ ಚೆಂಬು ಹಿಡಿದು ಬಗ್ಗಿದರು. ಲಕ್ಷ್ಮಣಪ್ಪ ಒದ್ದೆ ಬೆರಳಿನಿಂದ ತೋರಿಸುತ್ತಿದ್ದ. ಕೊಠಡಿಯ ಬಾಗಿಲಿನಿಂದ ಕಾಣುತ್ತಿದ್ದದ್ದು ಬರೀ ಬೆನ್ನುಗಳು, ಮನುಷ್ಯರದೂ ದನಗಳದೂ.

ಒಳಗೆ ಇಪ್ಪತ್ಮೂರು ಚಿತ್ರ ಗೋಡೆಯ ಮೇಲಿದ್ದವು. ಚೆನ್ನಕೇಶವ ಮೊಹರು ಬಿದ್ದ ಪುಸ್ತಕವನ್ನು ಎದೆಗೆ ಹಿಡಿದುಕೊಂಡು ಹೊಸಿಲ ಮೇಲೆ ನಿಂತ.

"ಸಾರ್," ಎಂದ, "ಒಂದ್ಸಲ ಒಳಗೆ ಬಂದು ಚಿತ್ರ ನೋಡಿ ಸಾರ್."